ಎಳೆದ ದೂರ ಎರಡು ಪಟ್ಟು

“ಎಳೆದ ದೂರಾನ ಎರಡು ಪಟ್ಟು ಹಿಡೀರಿ ಅಕ್ಕಾ,” ಎಂದು ನನಗೆ ಮೊದಲು ಹೇಳಿದವರು ಚಳ್ಳಕೆರೆಯ ನಮ್ಮ ಗ್ಯಾರೇಜಿನ ಮೇಸ್ತ್ರಿ. ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರುವ ಟ್ರಕ್ ನಮ್ಮದು. ಓಡಿಸುವವರು ಮಾವ, ಯಾವ ಆಯಿಲ್, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂದು ಬರೆದಿಡುವವಳು ಸೊಸೆಯಾದ ನಾನು, ಡಿಗ್ರಿ ಓದಿದ ತಪ್ಪಿಗೆ. ಇರುವುದು ಅದೊಂದೇ ಗಾಡಿ, ಅದು ನಿಂತರೆ ಮನೆಯೇ ನಿಂತ ಹಾಗೆ. ಹಾಗಾಗಿ ನಮ್ಮಲ್ಲಿ ಈ ಕೆಳಗಿನಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ, ನಡೆಯುವಾಗ ಯಾರೂ ನಗುವುದಿಲ್ಲ.

ಎಣ್ಣೆ ಸ್ನಾನ

ಮಾವ ಎಂಜಿನ್ ಆಯಿಲ್ ಬದಲಿಸುತ್ತಿದ್ದುದು ಆಯುಧಪೂಜೆಗೆ ಮಾತ್ರ. ಗಾಡಿ ತೊಳೆದು, ಹೊಸ ಆಯಿಲ್ ಹಾಕಿ, ಕುಂಬಳಕಾಯಿ ಒಡೆದರೆ ಮುಂದಿನ ವರ್ಷದವರೆಗೆ ಆ ಮಾತೇ ಇಲ್ಲ.

“ಭಾರ ಎಳೆಯೋ ಗಾಡಿ ಯಜಮಾನ್ರೆ. ಪುಸ್ತಕದಾಗೆ ಬರೆದಿರೋದ್ರ ಅರ್ಧಕ್ಕೇ ಬದಲಿಸಬೇಕು,” ಎಂದರು ಮನೆಗೆ ಬಂದ ಮೇಸ್ತ್ರಿ.

“ನಾನು ಮೈಗೆ ಎಣ್ಣೆ ಹಚ್ಕಳದೂ ಯುಗಾದಿಗೊಂದೇ ಸಲ. ಅರವತ್ತೈದು ವರ್ಷ ಓಡಿಲ್ವೇನ್ರಿ?”

“ನೀವು ಯಾರನ್ನಾದ್ರೂ ಎಳ್ಕಂಡು ಓಡಿದೀರಾ?”

ಅಡುಗೆಮನೆಯಿಂದ ಅತ್ತೆಯ ದನಿ: “ಇಲ್ಲ ಮೇಸ್ತ್ರಿ. ಎಳ್ಕಂಡು ಬಂದಾಕಿ ನಾನು.”

ಬೇಳೆ ಬೇಯದ ನೀರು

ಆಯಿಲ್ಲಿಗೆ ಮಾವ ಒಪ್ಪಿದರು. ಗೇರ್ ಬಾಕ್ಸಿಗೆ ದಪ್ಪನೆಯ ಗೇರ್ ಆಯಿಲ್ಲೂ ಬಂತು. ರೇಡಿಯೇಟರಿಗೆ ಎಂಜಿನ್ ತಣ್ಣಗಿಡುವ ಕೂಲೆಂಟ್ ಹಾಕಿ ಎಂದು ಮೇಸ್ತ್ರಿ ಹೇಳಿದಾಗ ಮಾತ್ರ ಬೋರ್‌ವೆಲ್ ಕಡೆ ಕೈ ತೋರಿಸಿದರು.

“ಗಡಸು ನೀರು ಮಾವ, ಒಳಗೆಲ್ಲ ಸುಣ್ಣ ಕಟ್ತೈತೆ,” ಎಂದೆ.

“ಈ ನೀರಾಗೆ ಎರಡು ಗಂಟೆ ಇಟ್ರೂ ಬೇಳೆ ಬೇಯಲ್ಲ. ಎಂಜಿನ್ ಹೆಂಗವ್ವ ಕುದಿತೈತೆ?”

ಕಾಲೇಜಿನಲ್ಲಿ ನಾನು ಓದಿದ್ದು ವಿಜ್ಞಾನವೇ. ಆದರೂ ಲೆಕ್ಕದ ಪುಸ್ತಕದಲ್ಲಿ ‘ರೇಡಿಯೇಟರ್: ಬೋರ್ ನೀರು’ ಎಂದು ಬರೆದುಕೊಂಡೆ.

ಮೂರು ಗಾಡಿಗಳ ಮೆರವಣಿಗೆ

ಜಟಿಂಗ ರಾಮೇಶ್ವರದ ಬಳಿ ಕೆಟ್ಟು ನಿಂತಿದ್ದ ಕಾರೊಂದನ್ನು ಎಳೆದು ತರಲು ಹೋದ ಮಾವ ದಾರಿಯಿಂದಲೇ ಫೋನ್ ಮಾಡಿದರು. ದನಿ ಸಣ್ಣಗಾಗಿತ್ತು.

“ಬೇಳೆ ಬೆಂತವ್ವ.”

ಮೊಳಕಾಲ್ಮೂರಿನಿಂದ ಇನ್ನೊಬ್ಬರ ಟ್ರಕ್ ಬಂದು ನಮ್ಮದನ್ನು ಕೊಂಡಿಗೆ ಹಾಕಿಕೊಂಡಿತು. ನಮ್ಮ ಕೊಂಡಿಯಲ್ಲಿ ಕಾರು ಹಾಗೇ ಇತ್ತು. ಮೂರೂ ಒಂದರ ಹಿಂದೊಂದು ಚಳ್ಳಕೆರೆ ಪೇಟೆ ದಾಟುವಾಗ, ಸ್ಟೇರಿಂಗ್ ಹಿಡಿದು ಕೂತ ಮಾವ ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ.

ಮೇಸ್ತ್ರಿ ಎಂಜಿನ್ ಬಿಚ್ಚಿದರು. ಎಂಜಿನ್ನಿನ ಮೇಲ್ಭಾಗದ ಹೆಡ್ ಬಿರುಕು ಬಿಟ್ಟಿದ್ದರೆ ಗಾಡಿ ಗುಜರಿಗೆ. ಅತ್ತೆ ತಂದ ಟೀ ಎಲ್ಲರ ಕೈಯಲ್ಲೂ ಆರಿಹೋಯಿತು. ಕೊನೆಗೆ ಮೇಸ್ತ್ರಿ ತಲೆ ಎತ್ತಿ, “ಉಳ್ಕಂಡೈತೆ,” ಎಂದರು.

ಮಾವ ಎದ್ದುಹೋಗಿ, ತಾವೇ ಕೂಲೆಂಟ್ ಡಬ್ಬಿ ತಂದಿಟ್ಟರು. ಆಮೇಲೆ ಮೇಸ್ತ್ರಿಯನ್ನು ಕೇಳಿದರು: “ಒಂದು ಗಾಡಿ ಎಳೆದ್ರೆ ಎರಡು ಪಟ್ಟು. ಎರಡು ಎಳೆದ್ರೆ?”

“ಮೂರು.”

ಮಾವ ನನ್ನ ಕಡೆ ತಿರುಗಿದರು. “ಆ ಮೊಳಕಾಲ್ಮೂರಿನವ್ನಿಗೆ ಫೋನ್ ಹಚ್ಚವ್ವ, ಆಯಿಲ್ ಲೆಕ್ಕಕ್ಕೆ ಇವತ್ತಿನ ದೂರ ಮೂರು ಪಟ್ಟು ಹಿಡ್ಕಳಪ್ಪ ಅಂತ ಹೇಳು. ಅವರ ಬೋರಿನಾಗೆ ಬೇಳೆ ಬೇಯ್ತೈತಾ, ಅದನ್ನೂ ಒಂದು ಮಾತು ಕೇಳು. ಬೇಯಲ್ಲ ಅಂದ್ರೆ, ಆ ನೀರ್ನ ನಂಬ್ಕಂಡು ಕೂತ್ಕಬ್ಯಾಡ ಅಂತ ನಾನು ಹೇಳ್ದೆ ಅನ್ನು.”