ಮಾಮಾ ಪಾಸು ಮಾಡಿದ ಕಂಪ್ಯೂಟರು

ನಮ್ಮ ಮಾಮಾನನ್ನು ದೇವರು ಸ್ವರ್ಗಕ್ಕೆ ಕರೆದರೂ ಅವರು ಸೀದಾ ಒಳಗೆ ಹೋಗುವವರಲ್ಲ. ನೂರು ವರ್ಷ ಬಾಳಲಿ, ಅದಕ್ಕೇನೂ ಅವಸರವಿಲ್ಲ. ಆದರೆ ಹೋದ ದಿನ ನೋಡಿ, ಬಾಗಿಲ ಬಳಿ ನಿಂತು, ಚೌಕಟ್ಟು ಅಲ್ಲಾಡಿಸಿ, ಬಿಜಾಗರಿಗೆ ಎಣ್ಣೆ ಬಿಟ್ಟಿದ್ದಾರೋ ಇಲ್ಲವೋ ಪರೀಕ್ಷಿಸಿ, "ಇದು ಬ್ಯಾಡ, ಇನ್ನೊಂದು ತೋರಸ್ರಿ" ಎನ್ನದಿದ್ದರೆ ಕೇಳಿ!

ಮಾಮಾ ಅಂದರೆ ನನ್ನ ಅವ್ವನ ತಮ್ಮ. ಮೂಲ ಧಾರವಾಡ, ವಾಸ ಮುಂಬಯಿಯ ಚೆಂಬೂರು. ಇಲ್ಲೇ ಹತ್ತಿರದ ಕಾರ್ಖಾನೆಯೊಂದರಲ್ಲಿ ಹೊರಗಿನಿಂದ ಬಂದ ಮಾಲನ್ನು ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಆಗಿದ್ದರು. ನಟ್ಟು, ಬೋಲ್ಟು, ವಾಲ್ವು, ಪೈಪು, ಏನೇ ಬರಲಿ, ಅವರು ಹಸಿರು ಚೀಟಿ ಅಂಟಿಸಿದರೆ ಒಳಗೆ, ಕೆಂಪು ಚೀಟಿ ಅಂಟಿಸಿದರೆ ವಾಪಸು. ನಿವೃತ್ತಿಯ ದಿನ ಕಾರ್ಖಾನೆ ಅವರಿಗೆ ಶಾಲು ಹೊದಿಸಿ ಕಳಿಸಿತು. ಚೀಟಿಯ ಕಟ್ಟನ್ನು ಕೇಳಿ ಇಸಿದುಕೊಳ್ಳಲು ಮಾತ್ರ ಮರೆತುಬಿಟ್ಟಿತು. ಅದರ ಫಲವನ್ನು ನಾವು ಇವತ್ತಿಗೂ ಉಣ್ಣುತ್ತಿದ್ದೇವೆ.

ನನ್ನ ಮದುವೆಯಲ್ಲಿ ಏನಾಯಿತು ಗೊತ್ತೆ? ಮುಹೂರ್ತಕ್ಕೆ ಹತ್ತು ನಿಮಿಷ. ಭಟ್ಟರು ಅಂತರಪಟ ಹಿಡಿಸಿದ್ದಾರೆ, ಎಲ್ಲರ ಕೈಯಲ್ಲೂ ಅಕ್ಷತೆ. ಮಾಮಾ ಮಂಟಪದ ಕಂಬ ಹಿಡಿದು ಅಲ್ಲಾಡಿಸಿದರು. ಅದೂ ಅಲ್ಲಾಡಿಬಿಡಬೇಕೇ! ಡೆಕೋರೇಟರನನ್ನು ಕರೆಸಿ ನಾಲ್ಕೂ ಕಂಬದ ಬೋಲ್ಟು ಬಿಗಿಸುವವರೆಗೆ ಅವರು ಮಂಗಳಾಷ್ಟಕ ಶುರುಮಾಡಲು ಬಿಡಲಿಲ್ಲ. ಪರದೆಯ ಆಚೆಯಿಂದ ನನ್ನ ಹೆಂಡತಿಯಾಗಲಿದ್ದವಳು ಕಿಸಕ್ಕನೆ ನಕ್ಕದ್ದು ನನಗೆ ಕೇಳಿಸಿತು. ಮಾಮಾನ ಮನೆಯಲ್ಲೇ ಬೆಳೆದ ನನಗೆ ಇದೆಲ್ಲ ರೂಢಿಯಾಗಿತ್ತು.

ಇಂಥವರ ಕೈಗೆ ನನ್ನ ಮಗಳು ಸಾನಿಕಾಳ ಕಂಪ್ಯೂಟರು ಸಿಕ್ಕಿತು.

ಸಾನಿಕಾಗೆ ಡಿಸೈನ್ ಕಾಲೇಜು ಸೇರುವ ಆಸೆ. ಅದಕ್ಕೆ ಅವಳೇ ತಯಾರಿಸಿದ ಒಂದು ಕಂಪ್ಯೂಟರ್ ಆಟವನ್ನು ಕಳಿಸಬೇಕಿತ್ತು. ಒಂದು ತಿಂಗಳ ನಂತರದ ಶನಿವಾರ ಸಂಜೆ ಆರು ಗಂಟೆ ಕೊನೆಯ ಗಡುವು. ಒಂದು ನಿಮಿಷ ತಡವಾದರೂ ಒಂದು ವರ್ಷ ಹೋದಂತೆಯೇ. ಆಟವೂ ಸೊಗಸಾಗಿತ್ತು. ತುಂಬಿದ ಲೋಕಲ್ ರೈಲಿನಲ್ಲಿ ಕುರ್ಲಾ ಸ್ಟೇಷನ್ ಬರುವುದರೊಳಗೆ ಬಾಗಿಲ ತನಕ ತಲುಪಿ ಇಳಿಯಬೇಕು, ಅಷ್ಟೇ. ಮುಂಬಯಿಯವರು ದಿನಾ ಆಡುವ ಆಟವೇ! ಆದರೆ ಮನೆಯ ಹಳೆಯ ಲ್ಯಾಪ್‌ಟಾಪು ಆ ಗರ್ದಿಯನ್ನು ಕಂಡ ಕೂಡಲೇ ಮೂರ್ಛೆ ಹೋಗುತ್ತಿತ್ತು. ಕಡಿಮೆ ಬೆಲೆಯದಾದರೂ ಸರಿ, ಅಂಗಡಿಯಲ್ಲೇ ಜೋಡಿಸಿಟ್ಟ ಒಂದು ಗೇಮಿಂಗ್ ಕಂಪ್ಯೂಟರು ಬೇಕೆಂದು ಅವಳು ಹಟ ಹಿಡಿದಳು. ನಾನು ಒಪ್ಪಿದೆ. ಒಪ್ಪಿದ ಸುದ್ದಿಯನ್ನು ಎದುರು ಬಿಲ್ಡಿಂಗಿನಲ್ಲಿರುವ ಮಾಮಾನಿಗೆ ಹೇಳಿದ್ದು ನನ್ನ ತಪ್ಪು.

"ಜೋಡಿಸಿಟ್ಟಿದ್ದಾ? ಒಳಗ ಏನು ಹಾಕ್ಯಾರ ಅಂತ ಯಾರು ನೋಡ್ಯಾರ? ತಡಿ, ನಾ ಬರ್ತೇನಿ" ಎಂದು ಚೀಲ ಹೆಗಲಿಗೇರಿಸಿದರು.

ಕಂಪ್ಯೂಟರ್ ಅಂಗಡಿಗಳಿಗೆ ಹೆಸರಾದ ಲ್ಯಾಮಿಂಗ್ಟನ್ ರೋಡಿನ ಮೊದಲ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಂದು ಏಳು ಬಣ್ಣದ ದೀಪ ಮಿನುಗಿಸುತ್ತಾ ಕುಳಿತಿತ್ತು. ಸಾನಿಕಾಳ ಕಣ್ಣೂ ಮಿನುಗಿತು. ನಮ್ಮ ಬಜೆಟ್ಟು ಕೇಳಿ ಅಂಗಡಿಯವನು ಚಹಾ ಹೇಳಲು ಎತ್ತಿದ ಕೈಯನ್ನು ಕೆಳಗಿಳಿಸಿದ, ಆದರೂ ಪೆಟ್ಟಿಗೆ ತೋರಿಸಿದ. ಮಾಮಾ ದೀಪ ನೋಡಲೇ ಇಲ್ಲ.

"ಇದನ್ನ ಖೋಲೋ" ಅಂದರು.

ಬಿಚ್ಚಿಸಿಯೇ ಬಿಟ್ಟರು. ಒಳಗಿನ ಒಂದೊಂದನ್ನೂ ಬೊಟ್ಟು ಮಾಡಿ ಸಾನಿಕಾಳಿಂದ ಕೇಳಿ ತಿಳಿದುಕೊಂಡರು. ಐದೇ ನಿಮಿಷದಲ್ಲಿ ಅವಳಿಗೇ ಪಾಠ ಶುರುವಾಯಿತು: "ಅಂದ್ರ, ಇಂವ ಲೆಕ್ಕಾ ಮಾಡಾಂವ. ಇಂವ ಚಿತ್ರಾ ಬಿಡಸಾಂವ. ಇಂವ ಇವರಿಬ್ಬರಿಗೂ ಕರೆಂಟು ಉಣಸಾಂವ. ಉಣಸಾಂವನ ಬಡಕಲಾಗಿದ್ರ ಉಳದವ್ರು ಏನ್ ಮಾಡ್ಯಾರವಾ?"

"ಅಜ್ಜಾ, ಗ್ರಾಫಿಕ್ಸ್ ಕಾರ್ಡ್ ಮೇನ್ ಇರ್ತದೆ ನಾ!"

"ಇರಲಿ, ಇರಲಿ. ಮೊದಲ ಅಡಗಿ ಮನಿ ನೋಡೂಣು."

ಹಾಗೆಂದವರೇ ಚೀಲದಿಂದ ಕೊಕ್ಕೆಯ ತಕ್ಕಡಿ ಹೊರಗೆ ತೆಗೆದರು. ಊರಿಗೆ ಹೋಗುವಾಗ ಸೂಟ್‌ಕೇಸು ತೂಗುವ ತಕ್ಕಡಿ! ಕರೆಂಟು ಉಣಿಸುವ ಆ ಡಬ್ಬಿಯನ್ನು, ಅಂದರೆ ಪವರ್ ಸಪ್ಲೈಯನ್ನು, ಬಿಚ್ಚಿಸಿ ಕೊಕ್ಕೆಗೆ ನೇತುಹಾಕಿದರು. ಅಂಗಡಿಯವನು ಗಾಬರಿಯಾಗಿ, "ಅಂಕಲ್, ಏ ಸಬ್ಜಿ ಹೈ ಕ್ಯಾ?" ಎಂದ.

"ಸಬ್ಜಿ ಹೋತಾ ತೋ ಸೂಂಘ್ಕೇ ದೇಖ್ತಾ" ಎಂದರು ಮಾಮಾ ಗಂಭೀರವಾಗಿ. ತರಕಾರಿಯಾಗಿದ್ದರೆ ಮೂಸಿ ನೋಡುತ್ತಿದ್ದರಂತೆ! ತಾಮ್ರ, ಕಬ್ಬಿಣ ಸರಿಯಾಗಿ ಹಾಕಿದ್ದರೆ ಇಷ್ಟು ಹಗುರ ಇರುವುದಿಲ್ಲ ಎಂದು ತೀರ್ಪು ಕೊಟ್ಟು, "ಊಟದಾಗ ಉಳಿಸಿ ಮಂಟಪಕ್ಕ ಲೈಟು ಹಾಕ್ಯಾರ" ಎಂದು ಕೆಂಪು ಚೀಟಿ ತೆಗೆದೇಬಿಟ್ಟರು. ಗಾಜಿಗೆ ಅಂಟಿಸುವುದರೊಳಗೆ ನಾನು ಅವರ ಕೈ ಹಿಡಿದೆ.

ಹೀಗೆ ಮೂರು ಭಾನುವಾರ, ಒಂಬತ್ತು ಅಂಗಡಿ. ರಸ್ತೆಯ ಈ ತುದಿಯಲ್ಲಿ ಮಾಮಾ ಕಾಣಿಸಿದರೆ ಆ ತುದಿಯಲ್ಲಿ ಶಟರ್ ಇಳಿಯುತ್ತದೆ ಎಂಬಷ್ಟು ಖ್ಯಾತಿ ಬಂತು. ಕಡೆಗೆ ಪಾಸಾದದ್ದು ಒಂದು ಕಪ್ಪು ತಗಡಿನ ಪೆಟ್ಟಿಗೆ. ದೀಪವಿಲ್ಲ, ಗಾಜಿಲ್ಲ, ಗೋದಾಮಿನಲ್ಲಿ ಮೂಲೆಗಿಟ್ಟ ಟ್ರಂಕಿನ ಹಾಗಿತ್ತು. ಆದರೆ ಉಣಿಸುವವನು ಭಾರವಾಗಿದ್ದ, ಚಿತ್ರ ಬಿಡಿಸುವವನು ಸಾನಿಕಾ ಹೇಳಿದವನೇ ಆಗಿದ್ದ. ಕೊರತೆ ಒಂದೇ. ಮೆಮರಿಯ ಪಟ್ಟಿ ಕೂರಿಸಲು ಎರಡು ಜಾಗವಿದ್ದರೂ ಒಂದೇ ಪಟ್ಟಿ ಹಾಕಿದ್ದರು.

"ಜೋಡೆತ್ತಿನ ಗಾಡಿಗೆ ಒಂದ ಎತ್ತು ಕಟ್ಟಿ ಕಳಸ್ಯಾರ" ಎಂದು ಮಾಮಾ ಹಸಿರು ಚೀಟಿಯ ಮೇಲೆ "ಷರತ್ತಿನ ಮೇಲೆ ಪಾಸು" ಎಂದು ಬರೆದು ಪೆಟ್ಟಿಗೆಯ ನೆತ್ತಿಗೆ ಅಂಟಿಸಿದರು. ಸಾನಿಕಾ ಅದನ್ನು ಕೀಳಲು ಸಮಯ ವ್ಯರ್ಥಮಾಡಲಿಲ್ಲ. ಅವಳ ಹತ್ತಿರ ಇನ್ನು ಹದಿಮೂರು ದಿನ ಮಾತ್ರ ಉಳಿದಿದ್ದವು. ಹಗಲೆಲ್ಲ ಕೂತು ಆಟವನ್ನು ಮುಗಿಸಿದಳು. ಕೊನೆಯ ದಿನ ಒಮ್ಮೆ ಆಡಿ ನೋಡಿ ಕಳಿಸುವುದಷ್ಟೇ ಬಾಕಿ.

ಆ ಶನಿವಾರ ಬೆಳಿಗ್ಗೆ ಅವಳು ಕ್ಲಾಸಿಗೆ ಹೋಗಿದ್ದಳು, ನಾವು ಬಜಾರಿಗೆ ಹೋಗಿದ್ದೆವು. ಮಧ್ಯಾಹ್ನ ಎರಡಕ್ಕೆ ಬಂದು ಅವಳು ಕಂಪ್ಯೂಟರಿನ ಗುಂಡಿ ಒತ್ತಿದರೆ ಪರದೆ ಕಪ್ಪು. ಒಳಗೆ ಫ್ಯಾನು ಮಾತ್ರ ತಿರುಗುತ್ತಿದೆ. ಕೀಬೋರ್ಡಿನ ಮೇಲೆ ಒಂದು ಚೀಟಿ. ಮಾಮಾನ ದುಂಡು ಅಕ್ಷರ: "ಮೆಮರಿ ಪಟ್ಟಿ, ಒಂದು ಪೀಸು, ಸ್ಯಾಂಪಲ್ ಸಲುವಾಗಿ ಒಯ್ಯಲಾಗಿದೆ. ಕೆಲಸವಾದ ಮೇಲೆ ಹಿಂತಿರುಗಿಸಲಾಗುವುದು." ಕೆಳಗೆ ಸಹಿ ಬೇರೆ!

ನಲ್ಲಿಯ ವಾಷರ್ ಸವೆದರೆ ಹಳೆಯ ವಾಷರನ್ನು ಅಂಗಡಿಗೆ ಒಯ್ದು, ಇಂಥದೇ ಕೊಡಿ ಎನ್ನುತ್ತೇವಲ್ಲ, ಹಾಗೆ. ಷರತ್ತು ಪೂರೈಸಲು, ಇದ್ದೊಂದು ಎತ್ತನ್ನೂ ಬಿಚ್ಚಿಕೊಂಡು ಜೋಡಿ ಹುಡುಕಲು ಹೋಗಿದ್ದರು! ನಮ್ಮ ಮನೆಯ ಕೀಲಿ ಒಂದು ಯಾವಾಗಲೂ ಅವರ ಹತ್ತಿರ ಇರುತ್ತಿತ್ತು.

"ಪಪ್ಪಾ, ಮೇರಾ ಪೂರಾ ಕೆಲಸ ಈ ಕಂಪ್ಯೂಟರಲ್ಲೇ ಇದೆ! ಕಾಪಿ ಭೀ ಇಲ್ಲ!" ಸಾನಿಕಾ ಅಳತೊಡಗಿದಳು.

ಫೋನು ಮಾಡಿದೆವು. ಅದು ಎದುರು ಬಿಲ್ಡಿಂಗಿನಲ್ಲಿ, ಮಾಮಿಯ ಫ್ರಿಜ್ಜಿನ ಮೇಲೆ ರಿಂಗಾಯಿತು. ಲೋಕಲ್ಲಿಗೆ ಫೋನು ಒಯ್ದರೆ ಕಳ್ಳರು ಹೊಡೆಯುತ್ತಾರೆಂದು ಮಾಮಾ ಅದನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾರೆ. ಮೂರಾಯಿತು, ನಾಲ್ಕಾಯಿತು. ಗಾಬರಿಯಾಗಿ ಓಡಿಬಂದ ಮಾಮಿಯ ಮುಂದೆ ನಾನು ಆಡಬಾರದ ಮಾತಾಡಿದೆ. "ಸಾಕಾಗೇದ ಮಾಮಿ. ಇನ್ನ ಮ್ಯಾಲೆ ನಮ್ಮನಿ ಕೀಲಿ ಅವರ ಹತ್ರ ಇರೂದು ಬ್ಯಾಡ."

ಮಾಮಿ ಸಾನಿಕಾಳ ಪಕ್ಕ ಕುಳಿತು ಅವಳ ಬೆನ್ನು ಸವರಿದರು.

ಐದು ದಾಟಿ ಹತ್ತು ನಿಮಿಷಕ್ಕೆ ಮಾಮಾ ಬಂದರು. ಲಿಫ್ಟು ಕೆಟ್ಟಿದ್ದರಿಂದ ನಾಲ್ಕು ಮಹಡಿ ಹತ್ತಿ ಬೆವರಿನಲ್ಲಿ ತೊಯ್ದು ಹೋಗಿದ್ದರು. ಅಳುತ್ತಿದ್ದ ಮೊಮ್ಮಗಳನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟರು.

"ಅದೊಂದು ಇಲ್ಲದಿದ್ರೂ ಒಂದು ದಿವಸಾ ನಡೀತದ ಅಂತ ತಿಳಕೊಂಡಿದ್ದೆನವಾ" ಎಂದರು ಸಣ್ಣ ದನಿಯಲ್ಲಿ. "ತಪ್ಪಾತು. ನನ್ನದ ತಪ್ಪು."

ಅವರ ಬಾಯಲ್ಲಿ ಆ ಮಾತನ್ನು ನಾನು ಅದೇ ಮೊದಲು ಕೇಳಿದ್ದು. ಚೀಲದಿಂದ ಪಟ್ಟಿಗಳನ್ನು ತೆಗೆದು ಹಳೆಯದನ್ನೂ ಹೊಸದನ್ನೂ ತಾವೇ ಕೂರಿಸಿದರು. ಗುಂಡಿ ಒತ್ತಿದ್ದು ಸಾನಿಕಾ. ಪರದೆ ಬೆಳಗಿತು. ಅಲ್ಲಲ್ಲಿ ತಡವರಿಸುತ್ತಿದ್ದ ಆಟ ಈಗ ಸರಾಗವಾಗಿ ಓಡಿತು. ಗರ್ದಿಯನ್ನು ಸೀಳಿಕೊಂಡು ಅವಳ ಪುಟ್ಟ ಹುಡುಗಿ ಕುರ್ಲಾದಲ್ಲಿ ಇಳಿದೇಬಿಟ್ಟಳು! ಐದೂ ನಲವತ್ತಕ್ಕೆ ಎಲ್ಲವನ್ನೂ ಕಳಿಸಿಯಾಯಿತು. ಮುಟ್ಟಿತೆಂಬ ಉತ್ತರವೂ ಬಂತು.

ಮಾಮಿ ಚಹಾ ಮಾಡಿದರು. ಸಾನಿಕಾ ಮೂಗು ಒರೆಸಿಕೊಂಡು, ಅರ್ಧ ನಗುತ್ತಾ, "ಅಜ್ಜೀ, ಸಚ್ ಹೇಳು. ಈ ಅಜ್ಜಾ ಚೆಕ್ ಮಾಡದೇ ಲೈಫಿನಲ್ಲಿ ಏನಾದರೂ ತಗೊಂಡಿದಾರಾ?" ಎಂದು ಕೇಳಿದಳು.

"ಒಂದ ಒಂದು ತಗೊಂಡಾರವಾ" ಎಂದರು ಮಾಮಿ, ಗದ್ದದಿಂದ ನನ್ನತ್ತ ತೋರಿಸುತ್ತಾ. "ನಿಮ್ಮಪ್ಪನ್ನ. ಒಂದ ವರ್ಷದಾಗ ಅವನ ಅವ್ವಾ ಅಪ್ಪಾ ಇಬ್ಬರೂ ಹೋದ್ರು. ಇವನಿಗೆ ಆರು ವರ್ಷ. ದಿನಕರ್ಮಕ್ಕ ಅಂತ ಧಾರವಾಡಕ್ಕ ಹೋದವ್ರು, ಬರೂಮುಂದ ಇವನ ಕೈ ಹಿಡಕೊಂಡು ಬಂದ್ರು. ನಮ್ಮದು ಒಂದ ಖೋಲಿಯ ಮನಿ, ನಮ್ಮವು ಎರಡು ಹುಡುಗ್ರು. ನನ್ನ ಸುದ್ದಾ ಒಂದು ಮಾತು ಕೇಳಲಿಲ್ಲ. ಏನೂ ನೋಡಲಿಲ್ಲ."

ನನಗೆ ತಲೆಯೆತ್ತಲು ಆಗಲಿಲ್ಲ. ನಾನು ಉಂಡಿದ್ದು, ಓದಿದ್ದು, ಪರೇಲಿನ ಆಫೀಸಿನಲ್ಲಿ ಕುರ್ಚಿ ಕಂಡಿದ್ದು, ಎಲ್ಲವೂ ಆ ಒಂದು ಖೋಲಿಯಿಂದ. ಎರಡು ತಾಸಿನ ಹಿಂದೆ ಕೀಲಿ ವಾಪಸು ಕೇಳಿದವನೂ ನಾನೇ. ಇಷ್ಟು ವರ್ಷದಲ್ಲಿ ಅವರಿಗೆ ಒಮ್ಮೆಯೂ ಬಾಯಿಬಿಟ್ಟು ಏನೂ ಹೇಳಿರಲಿಲ್ಲ.

ಮಾಮಾನಿಗೆ ಮಾತ್ರ ಮಾಮಿಯ ಮಾತು ಹಿಡಿಸಲಿಲ್ಲ. ಇಡೀ ವೃತ್ತಿಗೇ ಅವಮಾನವಾದವರಂತೆ ಚಹಾದ ಬಸಿ ಕೆಳಗಿಟ್ಟರು.

"ಯಾರ ಹೇಳಿದ್ರು ನೋಡಲಿಲ್ಲಂತ? ಹದಿಮೂರು ದಿವಸಾ ನೋಡಿದ್ದೆ. ಮಾತು ನಿಂತಿತ್ತು ಹುಡುಗಂದು. ಯಾರು ಕರದ್ರೂ ಹಾಂ ಇಲ್ಲಾ, ಹೂಂ ಇಲ್ಲಾ. ಇದರಾಗ ಏನೋ ಕೆಟ್ಟದ, ನಮಗ ಬ್ಯಾಡ ಅಂತ ಬಂದ ಬಳಗದವ್ರೆಲ್ಲಾ ಹೊರಟು ಹೋದ್ರು."

ನನ್ನ ಕಡೆ ನೋಡದೆ ಚಹಾ ಗುಟುಕರಿಸಿದರು.

"ಅದಕ್ಕನ ತಗೊಂಡೆ."