ಹೊಂಬಳ ಗುರುಸಿದ್ದಪ್ಪನ ನಿಸ್ತಂತು ದಿಗ್ವಿಜಯ

ತಂತಿಯೆಂಬುದೇ ಅಪಮಾನವೆನಿಸಿದ, ಹಳೆಯದೆಲ್ಲ ಗುಜರಿಯೆಂದು ತೀರ್ಮಾನವಾದ, ಅಂಗೈಯಗಲದ ಪೆಟ್ಟಿಗೆಗಳು ಆಕಾಶಮಾರ್ಗವಾಗಿ ತಮ್ಮತಮ್ಮಲ್ಲೇ ಮಾತಾಡಿಕೊಂಡು ಮನುಷ್ಯರ ಬಾಯಿ ಮುಚ್ಚಿಸಿದ ಈ ಘನಘೋರ ಯುಗವೇ, ನಿನಗೆ ನಮಸ್ಕಾರ! ನಿನ್ನ ಕಾಲದಲ್ಲಿ ಗದಗ ಪಟ್ಟಣದೊಳಗೆ ಬಾಂದುಕಲ್ಲುಗಳ ಗಂಡನೂ, ಸರಪಳಿಹಸ್ತನೂ, ಮೂವತ್ತೊಂದು ವರ್ಷ ಅಣ್ಣತಮ್ಮಂದಿರ ಹೊಲಗಳ ನಡುವೆ ಗೆರೆ ಎಳೆದು ಎರಡೂ ಕಡೆಯವರ ಶಾಪವನ್ನು ಸಮಸಮವಾಗಿ ಸ್ವೀಕರಿಸಿ ನಿವೃತ್ತನಾದ ಸರ್ವೇಧುರಂಧರನೂ ಆದ ಹೊಂಬಳ ಗುರುಸಿದ್ದಪ್ಪ ಎಂಬ ಧೀರನಿದ್ದನು. ಅವನ ಕಥೆ ಹೇಳುತ್ತೇನೆ. ಫೋನು ಕೆಳಗಿಟ್ಟು ಕೇಳಿರಿ.

ಈ ಧೀರನಲ್ಲಿ ಒಂದು ಟೇಪ್‌ರೆಕಾರ್ಡರ್ ಇತ್ತು. ಜೋಡಿಕ್ಯಾಸೆಟ್ಟುಧಾರಿಯಾದ, ಕಿತ್ತುಹೋದ ಹಿಡಿಕೆಗೆ ಸುತಳಿ ಹಗ್ಗ ಕಟ್ಟಿಸಿಕೊಂಡ ಆ ವೃದ್ಧಗಜವು ದಿನವೂ ಸಂಜೆ ಏಳಕ್ಕೆ ಕಂಪನಿ ನಾಟಕದ ಕ್ಯಾಸೆಟ್ಟು ನುಂಗಿ ಘೀಳಿಡುತ್ತಿತ್ತು. ಅದೇ ಏಳಕ್ಕೆ, ಅದೇ ಪಡಸಾಲೆಯಲ್ಲಿ, ಅವನ ಧರ್ಮಪತ್ನಿ ನೀಲಗಂಗವ್ವನ ಧಾರಾವಾಹಿ ಶುರುವಾಗುತ್ತಿತ್ತು. ಟಿವಿಯೊಳಗಿನ ಸೊಸೆ ಅತ್ತರೆ ಟೇಪಿನೊಳಗಿನ ಖಳನಾಯಕ ದೇಸಾಯಿ ಅಟ್ಟಹಾಸ ಮಾಡುತ್ತಿದ್ದ. ಈ ಸಂಗ್ರಾಮ ಆರು ವರ್ಷ ನಡೆಯಿತು. ಏಳನೆಯ ವರ್ಷದ ಒಂದು ಸೋಮವಾರ ನೀಲಗಂಗವ್ವ ರಿಮೋಟನ್ನು ಗದೆಯಂತೆ ಎತ್ತಿ ಹಿಡಿದು ಪ್ರತಿಜ್ಞೆ ಮಾಡಿದಳು.

"ಶುಕ್ರವಾರ ಮುಂಜಾನೆ ಗುಜರಿ ಗಾಡಿ ಬರ್ತದ. ಅಷ್ಟರಾಗ ಈ ಗದ್ದಲ ನಿಂತರ ಡಬ್ಬಿ ಇರ್ತದ. ಇಲ್ಲಂದ್ರ ಕೊಟ್ಟು ಎರಡು ಪ್ಲಾಸ್ಟಿಕ್ ಬುಟ್ಟಿ ತಗೋತೀನಿ. ಆಮ್ಯಾಲ ನನಗ ಹೇಳಲಿಲ್ಲ ಅನಬ್ಯಾಡ್ರಿ."

ಗುರುಸಿದ್ದಪ್ಪನಿಗೆ ನಿಜವಾಗಿಯೂ ಹೆದರಿಕೆಯಾಯಿತು. ನಿವೃತ್ತಿಯಾದ ಮೇಲೆ ಅವನಿಗೆ ದಿನದಲ್ಲಿ ಎದುರುನೋಡುವಂಥದ್ದೆಂದರೆ ಆ ಏಳು ಗಂಟೆಯೊಂದೇ.

ಮಂಗಳವಾರ ಅವನು ದಾದಾಪೀರನ ಮೊಬೈಲ್ ಅಂಗಡಿಗೆ ದಂಡೆತ್ತಿ ಹೋದನು. ಕೌಂಟರಿನ ಗಾಜಿನ ಮೇಲೆ ಮುಷ್ಟಿಯೂರಿ, ನಾಲ್ಕು ಗಿರಾಕಿಗಳು ತಿರುಗಿ ನೋಡುವಂತೆ ಗರ್ಜಿಸಿದನು: "ಕೇಳು ದಾದಾಪೀರಾ! ಕರಿಜಾಲಿಯ ಮುಳ್ಳಿಗೆ ಅಂಜದೆ ಸರಪಳಿ ಎಳೆದ ಪಾದಗಳಿವು! ಕುಡುಗೋಲು ಹಿಡಿದು ಬಂದ ದಾಯಾದಿಗಳ ನಡುವೆ ನಕಾಶೆ ಬಿಚ್ಚಿ ನಿಂತ ಎದೆಯಿದು! ನನ್ನ ಟೇಪಿನ ಧ್ವನಿಯು ತಂತಿಯಿಲ್ಲದೆ ಹಾರಿ ಬಂದು ನನ್ನ ಕರ್ಣಗಳನ್ನು ಮಾತ್ರ ಸೇರತಕ್ಕದ್ದು! ಅಂಥ ಅಸ್ತ್ರವೊಂದನ್ನು ಕೊಡು!"

"ಬ್ಲೂಟೂತ್ ಬೇಕೇನ್ರಿ?" ಎಂದ ದಾದಾಪೀರ.

ಗುರುಸಿದ್ದಪ್ಪ ಎಲ್ಲಕ್ಕಿಂತ ಹೊಳೆಯುವ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡ. ದಾದಾಪೀರ ಅದನ್ನು ಮೆಲ್ಲಗೆ ಕಸಿದುಕೊಂಡ. "ಅದು ಹಾಡು ತಗೊಳ್ಳೋದ್ರಿ, ಸಾಹೇಬ್ರ. ನಿಮಗ ಬೇಕಾದ್ದು ಹಾಡು ಕಳಸೋದು. ಇದನ್ನ ಒಯ್ಯರಿ. ಬಾಜೂಕ ಸ್ವಿಚ್ ಅದ, ಟಿಎಕ್ಸ್ ಕಡೆ, ಅಂದ್ರ ಕಳಸೋ ಕಡೆ ಇಡ್ರಿ. ಇದರ ಪಿನ್ನು ಟೇಪಿನ ಹೆಡ್‌ಫೋನ್ ತೂತಿನ್ಯಾಗ ಹಾಕ್ರಿ. ಇದನ್ನೂ ಕಿವಿಗೆ ಹಾಕೋ ಈ ಹೆಡ್‌ಫೋನನ್ನೂ ಬಾಜೂಬಾಜೂ ಇಟ್ಟು ಚಾಲೂ ಮಾಡ್ರಿ. ನೀಲಿ ಲೈಟ್ ನಿಂತರ ಎರಡೂ ಕೂಡಿದ್ವು ಅಂತ ತಿಳೀರಿ. ಹತ್ತು ಮೀಟರ್ ಬರ್ತದ."

"ಹತ್ತು ಮೀಟರ್! ಅಳೆದವರ್ಯಾರು?"

ದಾದಾಪೀರ ಬಿಲ್ಲು ಬರೆಯತೊಡಗಿದ.

ಗುರುವಾರ ಸಂಜೆ ಮಹಾಸ್ತ್ರದ ಪ್ರತಿಷ್ಠಾಪನೆಯಾಯಿತು. ಹೊಸ ವಸ್ತುವನ್ನು ಪೂಜೆಯಿಲ್ಲದೆ ಮುಟ್ಟಿದ ವಂಶವಲ್ಲ ಅದು. ಸೈಕಲ್ಲು, ಮಿಕ್ಸರು, ಗ್ಯಾಸಿನ ಒಲೆ ಎಲ್ಲವೂ ವಿಭೂತಿ ಧರಿಸಿಯೇ ಕೆಲಸಕ್ಕೆ ಸೇರಿದ್ದವು. ಗುರುಸಿದ್ದಪ್ಪ ಹಿಂಜರಿಯದೆ ವಿಭೂತಿಯನ್ನು ನೀರಿನಲ್ಲಿ ತೇಯ್ದು ಮೂರು ಬೆರಳಿನಿಂದ ಹೆಬ್ಬೆರಳಗಲದ ಆ ಯಂತ್ರಕ್ಕೂ ಬಳಿದ, ಟೇಪಿನ ಮುಖಕ್ಕೂ ಬಳಿದ. ಟೇಪಿನ ಹೆಡ್‌ಫೋನ್ ತೂತು ಇದ್ದದ್ದು ಸರಿಯಾಗಿ ಆ ಮೂರು ಬೆರಳಿನ ದಾರಿಯಲ್ಲಿ. ಕಾಯಿ ಒಡೆದು, ಮಂಗಳಾರತಿ ಎತ್ತಿ, ಪಿನ್ನು ಚುಚ್ಚಿದರೆ ಪಿನ್ನು ಅರ್ಧಕ್ಕೇ ನಿಂತಿತು. ಒಳಗೆ ವಿಭೂತಿ ಗಾರೆಯಾಗಿತ್ತು. ದೇಸಾಯಿ ಎಂದಿನಂತೆ ಪಡಸಾಲೆ ತುಂಬ ಅಟ್ಟಹಾಸ ಮಾಡಿದ.

ಬೆಳಗಾದರೆ ಶುಕ್ರವಾರ. ಗುರುಸಿದ್ದಪ್ಪ ಊದಿದ, ಕೆರೆದ, ದೇವರನ್ನು ಬೈದ. ನೀಲಗಂಗವ್ವ ಜಾಹೀರಾತು ಬರುವವರೆಗೆ ತಾಳಿಕೊಂಡು ಎದ್ದು ಬಂದಳು. ಬಳೆಗೆ ಸಿಕ್ಕಿಸಿದ್ದ ಸೇಫ್ಟಿಪಿನ್ನು ತೆಗೆದು ತೂತನ್ನು ಕೆದಕಿದಳು, ಸೆರಗಿನಿಂದ ಒರೆಸಿದಳು, ಹೋಗಿ ಕುಳಿತಳು.

"ದೇವರಿಗೂ ಒಂದ್ ಜಾಗಾ ಅಂತ ಇರ್ತದ್ರಿ," ಎಂದಳು, ಟಿವಿಯಿಂದ ಕಣ್ಣು ತೆಗೆಯದೆ.

ಯಂತ್ರದ ಪಿನ್ನು ಕೂತಿತು. ನೀಲಿ ದೀಪ ಮಿನುಗಿ ಮಿನುಗಿ ನಿಂತಿತು. ದೇಸಾಯಿಯ ಅಟ್ಟಹಾಸವು ಪಡಸಾಲೆಯಿಂದ ಮಾಯವಾಗಿ ಗುರುಸಿದ್ದಪ್ಪನ ತಲೆಯೊಳಗೆ ಮೊಳಗಿತು! ವಿಜಯೋನ್ಮತ್ತನಾದ ಆ ಸರಪಳಿಹಸ್ತನು ಹಳೆಯ ಅಳತೆಪಟ್ಟಿ ತೆಗೆದು ದಿಗ್ವಿಜಯಕ್ಕೆ ಹೊರಟನು. ಬಚ್ಚಲನ್ನು ಗೆದ್ದನು, ಆರು ಮೀಟರು. ತುಳಸಿಕಟ್ಟೆಯನ್ನು ಗೆದ್ದನು, ಒಂಬತ್ತು. ಅಡುಗೆಮನೆಯ ಕಲ್ಲುಗೋಡೆಯ ಹಿಂದೆ ಮಾತ್ರ ದೇಸಾಯಿ ತೊದಲಿದನು. ಅಲ್ಲಿ ಗುರುಸಿದ್ದಪ್ಪ ಸೀಮೆಸುಣ್ಣದಿಂದ ಗಡಿರೇಖೆ ಎಳೆದು ಹಿಂದಿರುಗಿದನು.

ಆರಾಮಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದ. ಮೂವತ್ತು ವರ್ಷ ಕೇಳಿದ ನಾಟಕ. ಪ್ರತಿ ಮಾತೂ ಬಾಯಿಪಾಠ. ತನ್ನ ಧ್ವನಿ ತನಗೇ ಕೇಳಿಸದಂತೆ ಕಿವಿ ಮುಚ್ಚಿದ್ದರಿಂದ, ಬಾಯಿ ತೆರೆದದ್ದು ಅವನ ಗಮನಕ್ಕೇ ಬರಲಿಲ್ಲ.

"ಎಲವೋ ಪಾಪಿ ದೇಸಾಯೀ! ಬಡವಿಯ ಕಣ್ಣೀರು ನಿನ್ನ ವಾಡೆಯನ್ನು ತೊಳೆದೀತು!"

ಬೀದಿಯ ನಾಯಿ ಬೊಗಳಿತು. ಎದುರುಮನೆಯ ಬಾಗಿಲು ತೆರೆಯಿತು. ಹಾಡು ಬಂದಾಗ ಅವನು ಹಾಡನ್ನೂ ಹಾಡಿದ, ಹಾರ್ಮೋನಿಯಂ ಸಮೇತ. ಟಿವಿಯೊಳಗೆ ಸೊಸೆಗೆ ವಿಷವಿಟ್ಟವರು ಯಾರೆಂದು ತಿಳಿಯುವ ಗಳಿಗೆ ಅದು. ತುಟಿಗಳು ಆಡಿದವು, ಹೆಸರು ನೀಲಗಂಗವ್ವನಿಗೆ ಕೇಳಿಸಲಿಲ್ಲ.

ಅವಳು ಎದ್ದಳು. ಗಂಡನ ಕಿವಿಯಿಂದ ಹೆಡ್‌ಫೋನು ಕಿತ್ತಳು, ಟೇಪಿನಿಂದ ಯಂತ್ರ ಕಿತ್ತಳು, ಎರಡನ್ನೂ ಡ್ರಾಯರಿನಲ್ಲಿ ಹಾಕಿ ಮುಚ್ಚಿದಳು.

"ಟೇಪೇ ಹಚ್ಚರಿ, ಮಾರಾಯ್ರ. ಅದಕ್ಕರ ವಾಲ್ಯೂಮ್ ಅದ."

ಹೀಗೆಂದು ಟೇಪಿನ ಗುಂಡಿಯನ್ನು ಎಡಕ್ಕೆ ತಿರುಗಿಸಿ ಮೂರರ ಮೇಲೆ ನಿಲ್ಲಿಸಿದಳು. ಕುರ್ಚಿಯಲ್ಲಿದ್ದ ಗುರುಸಿದ್ದಪ್ಪನಿಗೆ ನಾಟಕ ಸ್ಪಷ್ಟವಾಗಿ ಕೇಳಿಸಿತು. ಮಂಚದ ಮೇಲಿದ್ದ ನೀಲಗಂಗವ್ವನಿಗೆ ಧಾರಾವಾಹಿ ಸ್ಪಷ್ಟವಾಗಿ ಕೇಳಿಸಿತು. ಆರು ವರ್ಷಗಳ ಆ ಮಹಾಯುದ್ಧದಲ್ಲಿ ಗುಂಡಿಯನ್ನು ತಿರುಗಿಸಿ ನೋಡೋಣವೆಂದು ಇಬ್ಬರಿಗೂ ಹೊಳೆದಿರಲಿಲ್ಲ.