ಅರವತ್ತೊಂದನೆಯ ಮಗು

“ಒಂದು ಮಗು ತಾನೆ? ನಾಳೆ ಸಂಜೆಯೊಳಗ ಹುಡುಕಿ ತರ್ತೇನಿ!” ಎಂದು ಹೆಂಡತಿ ಗಿರಿಜಾಳ ಮುಂದೆ ಘೋಷಿಸಿದಾಗ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಲಿಲ್ಲ. ಆಗಲೇ ನನಗೆ ತಿಳಿಯಬೇಕಿತ್ತು.

ಹಂಸಭಾವಿ ಹತ್ತಿರದ ಹಳ್ಳಿಯೊಂದರ ಸರ್ಕಾರಿ ಶಾಲೆಗೆ ನಾನು ಮುಖ್ಯೋಪಾಧ್ಯಾಯ. ನಿಯಮದ ಪ್ರಕಾರ ಅರವತ್ತು ಮಕ್ಕಳಿಗೆ ಇಬ್ಬರು ಶಿಕ್ಷಕರು, ಅರವತ್ತೊಂದಾದರೆ ಮೂವರು. ನಮ್ಮಲ್ಲಿದ್ದದ್ದು ಸರಿಯಾಗಿ ಅರವತ್ತು! ಇನ್ನೊಂದು ಮಗು ಸೇರದಿದ್ದರೆ ಮೂರನೆಯ ಹುದ್ದೆ ರದ್ದು. ಒಬ್ಬ ನಾನು. ಇನ್ನೊಬ್ಬರು ಸದಾ ಯಾವುದೋ ಗಣತಿಯ ಮೇಲೆ. ಮೂರನೆಯವರು ಅತಿಥಿ ಶಿಕ್ಷಕಿ ಸುಮಂಗಲಾ, ಗಣಿತ ಕಲಿಸುವುದರಲ್ಲಿ ಗಟ್ಟಿಗಿತ್ತಿ. ಅವರ ಗೌರವಧನದಲ್ಲಿ ಗೌರವ ದಿನಾಲೂ ಸಿಗುತ್ತಿತ್ತು, ಹೋದ ವರ್ಷದ ಧನ ಇನ್ನೂ ದಾರಿಯಲ್ಲಿತ್ತು. ಅವರು ಹೋದರೆ ಗಣಿತ ನನ್ನ ಕೊರಳಿಗೆ. ನನಗೂ ಗಣಿತಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ.

“ಸರ್, ಈ ಕೆಲಸ ಹ್ವಾದ್ರ ನಾ ಮನ್ಯಾಗ ಏನಂತ ಹೇಳ್ಲಿ?” ಎಂದರು ಸುಮಂಗಲಾ.

“ಚಿಂತಿ ಬಿಡ್ರಿ. ನಾ ಅದೀನಲ್ಲ!” ಎಂದೆ ನಾನು.

ಊರ ಹೊರಗಿನ ಹೊಲದಲ್ಲಿ ಕುರಿಹಟ್ಟಿ ಬೀಡುಬಿಟ್ಟಿತ್ತು. ಕುರಿಯವರ ಮಗಳನ್ನು ಸೋಮವಾರ ಸೇರಿಸಿಕೊಂಡೆ. ಬುಧವಾರ ಕುರಿಗಳು ಹಾನಗಲ್ ಕಡೆ ಹೊರಟವು. ಹಾಜರಿ ಪುಸ್ತಕ ಕುರಿಗಳ ಹಿಂದೆ ಹೋಗಲು ನಿಯಮದಲ್ಲಿ ಅವಕಾಶವಿಲ್ಲ!

ಆಮೇಲೆ ನೆರೆಮನೆಯ ಗಂಗವ್ವನ ಮೊಮ್ಮಗ. ಆರು ತುಂಬಿದೆ ಎಂದು ಅಜ್ಜಿ ಆಣೆ ಮಾಡಿದಳು. ಜನನ ಪತ್ರ ನೋಡಿದರೆ ನಾಲ್ಕು.

“ಆರು ಅಂದಿದ್ದೆಲ್ಲಬೇ?”

“ಬೆಳದಾನ ನೋಡ್ರಿ, ಆರರಂಗ ಕಾಣ್ತಾನ!”

ಅಷ್ಟರಲ್ಲಿ ಮೊಮ್ಮಗ ನನ್ನ ತೊಡೆಯ ಮೇಲೆ ತನ್ನ ನಿಜವಾದ ವಯಸ್ಸನ್ನು ಸಾಬೀತುಪಡಿಸಿದ. ಪ್ಯಾಂಟು ಬದಲಿಸಿಕೊಂಡು ಬಸವಣ್ಣೆಪ್ಪನ ಹಿಟ್ಟಿನ ಗಿರಣಿಗೆ ನಡೆದೆ. ಅವನ ಮಗಳು ಹಳದಿ ವ್ಯಾನಿನಲ್ಲಿ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದಳು. ಜೋಳ ಬೀಸಿಸಲು ಬಂದ ಜನವೆಲ್ಲ ಕೇಳುವಂತೆ, ಗಿರಣಿಯ ಸದ್ದನ್ನೂ ಮೀರಿಸಿ ಭಾಷಣ ಬಿಗಿದೆ. ಹಾಲು, ಮೊಟ್ಟೆ, ಪುಸ್ತಕ, ಮಾತೃಭಾಷೆ, ಒಂದನ್ನೂ ಬಿಡಲಿಲ್ಲ. ಎಲ್ಲರೂ ತಲೆಯಾಡಿಸಿದರು. ಅದೇ ಹೊತ್ತಿಗೆ ಕರೆಂಟು ಹೋಗಿ ಗಿರಣಿ ನಿಂತಿತು.

“ಎಲ್ಲಾ ಖರೇ ಅದರಿ ಗುರುಗಳ,” ಎಂದ ಬಸವಣ್ಣೆಪ್ಪ, “ನಿಮ್ಮ ಮಗಳು ಯಾವ ಸಾಲಿಗೆ ಹೊಕ್ಕಾಳ್ರಿ?”

ನಾನು ಕೆಮ್ಮಿದೆ. ಆಗಲೇ ಹಳದಿ ವ್ಯಾನು ಬಂದು ಎದುರಿಗೆ ನಿಲ್ಲಬೇಕೆ! ಕಿಟಕಿಯಿಂದ ನನ್ನ ಮಗಳು ಅಕ್ಷತಾ ಕೈಬೀಸಿ ಕೂಗಿದಳು, “ಅಪ್ಪಾ!”

ಗಿರಣಿಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಮನೆಯಲ್ಲಿ ಗಿರಿಜಾ ಆ ಕೊರತೆ ತುಂಬಿದಳು. ಹೊಟ್ಟೆ ಹಿಡಿದುಕೊಂಡು ನಕ್ಕು, “ಊರೆಲ್ಲಾ ತಿರಗಿದ್ರಿ. ಅರವತ್ತೊಂದನೇದು ಮನ್ಯಾಗ ಇತ್ತಲ್ರಿ! ಆದ್ರ ನಿಮ್ಮ ಸಾಲ್ಯಾಗ ಛಲೋ ಕಲಸ್ತಾರೇನು?” ಎಂದಳು.

“ಸುಮಂಗಲಾ ಟೀಚರ್ ಭಾಳ ಛಲೋ ಕಲಸ್ತಾರ.”

“ನೀವು?”

ನಾನು ನೀರು ಕುಡಿಯಲು ಎದ್ದೆ.

ಮರುದಿನ ಅಕ್ಷತಾ ನಮ್ಮ ಶಾಲೆಯ ಐದನೆಯ ತರಗತಿ ಸೇರಿದಳು. ಅರವತ್ತೊಂದು! ಹುದ್ದೆ ಉಳಿಯಿತು. ಮೀಸೆ ತಿರುವುತ್ತ ವರದಿ ಕಳಿಸಿದೆ. ಮುಂದಿನ ಸೋಮವಾರ ಸುಮಂಗಲಾ ಪೇಡೆಯ ಡಬ್ಬಿ ಹಿಡಿದು ಬಂದರು. ಡಬ್ಬಿಯ ಕೆಳಗೆ ಒಂದು ಪತ್ರವಿತ್ತು.

“ಸರ್, ಆ ಇಂಗ್ಲಿಷ್ ಸಾಲ್ಯಾಗ ಕರದಾರ್ರಿ. ಪಗಾರ ಕಡಿಮಿ, ಆದ್ರ ತಿಂಗಳಾ ತಿಂಗಳಾ ಕೊಡ್ತಾರಂತ. ನಮ್ಮವ್ವನ ಗುಳಗಿ ಮುಂದಿನ ವರ್ಷದ ತನಕ ಕಾಯೂದಿಲ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ,” ಎಂದರು.

“ದಿನಾ ಹೆಂಗ ಹೋಗ್ತೀರಿ?”

“ವ್ಯಾನಿನ್ಯಾಗ ಒಂದು ಸೀಟು ಖಾಲಿ ಆಗೇತಂತ್ರಿ.”

ನನಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಹುದ್ದೆ ಉಳಿಸಲು ಊರೆಲ್ಲ ಓಡಾಡಿದವನು, ಅವರ ಬಾಕಿ ಕೇಳಲು ಹಿರೇಕೆರೂರಿನ ಕಚೇರಿಗೆ ಒಂದು ಸಲವೂ ಹೋಗಿರಲಿಲ್ಲ.

ಈಗ ಗಣಿತ ನನ್ನದೇ. ನಿನ್ನೆ ಕಪ್ಪುಹಲಗೆಯ ಮೇಲೆ ಭಾಗಾಕಾರ ಮುಗಿಸಿ ಗಂಭೀರವಾಗಿ ತಿರುಗಿದೆ. ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು.

“ಸರ್, ಲೆಕ್ಕ ತಪ್ಪೇತ್ರಿ.”

ತರಗತಿ ಗೊಳ್ಳೆಂದಿತು. ಅಕ್ಷತಾ ಎದ್ದು ಬಂದು ನನ್ನ ಕೈಯಿಂದ ಸೀಮೆಸುಣ್ಣ ಇಸಿದುಕೊಂಡು ಲೆಕ್ಕ ತಿದ್ದಿದಳು. ನಾನು ಅವಳ ಜಾಗಕ್ಕೆ ಹೋಗಿ ಕುಳಿತು ಬರೆದುಕೊಂಡೆ.

ಅಂತೂ ಶಾಲೆಗೆ ಮೂರನೆಯ ಶಿಕ್ಷಕಿ ಸಿಕ್ಕಳು. ಇವಳಿಗೂ ಗೌರವಧನವಿಲ್ಲ!